ಹಗೇವಿಲ್ಲದ ಮನೆ

ಒಂಬತ್ತು ಬಾಗಿಲು. ಮೂರು ಸಾಲು, ಸಾಲಿಗೆ ಮೂರು.
ಇತ್ತ ಹೆಸ್ಕಾಂನ ಮೂರು ಫೇಸು,
ಅತ್ತ ಮೋಟರಿನ ಮೂರು ತಂತಿ,
ನಡುವೆ ಕೂಡಿಡುವ ಜಾಗವೆನ್ನುವುದೇ ಇಲ್ಲ.

ಬೇರೆ ಯಂತ್ರಗಳಲ್ಲಿ ಇರುತ್ತದೆ, ಡಬ್ಬಿಯಂಥ ಕೆಪಾಸಿಟರು,
ನಮ್ಮಜ್ಜನ ಅಂಗಳದಡಿಯ ಹಗೇವಿನ ಹಾಗೆ:
ಬಂದ ಜೋಳ ಸುರಿ, ಮೇಲೆ ಹುಲ್ಲು ಹಾಸಿ ಮಣ್ಣು ಮುಚ್ಚು,
ಬೇಕಾದಾಗ ಆಳಿನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ ತೆಗೆ.
ಇದು ಹಾಗಲ್ಲ. ಬಂದದ್ದನ್ನು ಬಂದ ಗಳಿಗೆಯಲ್ಲೇ
ಬೀಸಿ, ತಟ್ಟಿ, ಬಡಿಸಿಬಿಡುವ ಮನೆ.
ಹೊರಗೆ ದೀಪ ಮಿಣುಕಿದರೆ
ಒಳಗೆ ರೊಟ್ಟಿಯೂ ಮಿಣುಕುತ್ತದೆ.

ಕಟ್ಟಳೆ ಎರಡೇ.
ಒಳಬರುವ ಎರಡು ಫೇಸು ಒಂದಕ್ಕೊಂದು ತಾಗಕೂಡದು.
ಹೊರಹೋಗುವ ಪ್ರವಾಹ ಅರೆಕ್ಷಣವೂ
ಯಾರ ಕೈಯಲ್ಲೂ ಇಲ್ಲದೆ ಇರಕೂಡದು.

ಏಳು ಮಾಡ್ಯೂಲು ಸುಟ್ಟೆವು ಆ ಬೇಸಿಗೆ,
ವಿಜಯಪುರದಲ್ಲಿ ಫ್ಯಾನೂ ಬಿಸಿಗಾಳಿಯನ್ನೇ ಬಡಿಸುವ ತಿಂಗಳು.
ಪ್ರತಿ ಸಲವೂ ಹಂಚಿನ ಮೇಲೆ ಶೇಂಗಾ ಸಿಡಿದಷ್ಟೇ ಸದ್ದು,
ಆಮೇಲೆ ವಾಸನೆ.
ದಾವಲಸಾಬ ಕಿಟಕಿ ತೆಗೆಯುತ್ತ
"ಇದೂ ಹೋತೇನ್ರಿ ಬಾಯಾರ?" ಎಂದು
ಗೋಡೆಯ ಮೇಲೆ ಪೆನ್ಸಿಲಿನ ಗೆರೆ ಎಳೆಯುತ್ತಿದ್ದ.
ಗೆರೆಗೆ ಆರು ಸಾವಿರ. ಆಫೀಸಿನವರು
ನನ್ನನ್ನು ಕಂಡರೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಎರಡು ದಿನ ರಜೆ ಹಾಕಿ ಸುಗಲಾಬಾಯಿ
ತಿಕೋಟಾಕ್ಕೆ ಹೋದಳು, ಅಕ್ಕನ ಕೂಸಿನ ತೊಟ್ಟಿಲಿಗೆ.
ಬಂದವಳು ಕಂಪ್ಯೂಟರಿನತ್ತ ಸುಳಿಯಲಿಲ್ಲ,
ಗೋಣಿಚೀಲವೊಂದನ್ನು ಮಡಚಿ ದಾವಲಸಾಬನ ಕೈಗಿಟ್ಟಳು.
"ಕಾಕಾ, ಇದು ಕೂಸು.
ತೊಟ್ಟಿಲದ ಮ್ಯಾಲಿಂದ ನನಗ ಕೊಡ್ರಿ. ಸಾವಕಾಶ.
ನೋಡ್ರಿ ಬಾಯಾರ, ಭಾರ ಎಲ್ಲಾ ಬಲಗೈ ಮ್ಯಾಲ,
ಎಡಗೈ ಸುಮ್ನ ಬೆನ್ನಿಗೆ.
ಮೊದಲ ಆ ಸುಮ್ನಿರೂ ಕೈ ತಗೀರಿ.
ಈಗ ನನ್ನ ಬಲಗೈ ಕೆಳಗ ಬಂತು.
ಈಗ ನಿಮ್ಮದು ಬಿಡ್ರಿ.
ಕಡೀಕ ನನ್ನ ಎಡಗೈ."

ನಾಲ್ಕು ಹೆಜ್ಜೆ. ಕೂಸಿಗೆ ಗೊತ್ತೇ ಆಗಲಿಲ್ಲ.

ಪುಸ್ತಕದಲ್ಲಿ ಇದ್ದದ್ದೇ. ಮೈಕ್ರೋಸೆಕೆಂಡುಗಳ ಚೌಕ ಬರೆದು
ಮೂರು ವರ್ಷ ನಾನೇ ಪಾಠ ಹೇಳಿದ್ದೆ.
ಆದರೆ ಕೂಸು ಯಾವ ಕಡೆ ವಾಲಿದೆಯೆಂದು ತಿಳಿಯದೆ
ಸುಮ್ಮನಿರುವ ಕೈ ಯಾವುದೆಂದು ಹೇಗೆ ಹೇಳುವುದು?
ಪ್ರವಾಹ ಸೊನ್ನೆಯ ಬಳಿ ಬಂದು ಮಗ್ಗುಲು ಬದಲಿಸುವಾಗ
ನಮ್ಮ ಸೆನ್ಸರು ತಡವರಿಸುತ್ತಿತ್ತು.
ಅಲ್ಲೇ ಸತ್ತಿದ್ದವು ಏಳೂ.
ಹೊಸ ಸಾಲೊಂದು ಸೇರಿಸಿದಳು ಪ್ರೋಗ್ರಾಮಿಗೆ:
ಹೊರಳುವ ಕೂಸನ್ನು ದಾಟಿಸಬೇಡ. ತುಸು ತಡಿ.

ಎಂಟನೆಯದು ಸುಡಲಿಲ್ಲ.
ಗಿರಣಿಯೊಂದರಿಂದ ತಂದ ಹಳೇ ಮೋಟರು,
ಸಂದಿಯಲ್ಲಿನ್ನೂ ಗೋಧಿಹಿಟ್ಟು ಮೆತ್ತಿದ್ದು,
ಗೊಣಗಿತು, ಕೆಮ್ಮಿತು, ತಿರುಗಿತು.
ಮೀಟರು ನೋಡಿ ದಾವಲಸಾಬ ಕೇಳಿದ:
"ನೂರ ವೋಲ್ಟ್ ಕೊಟ್ರ ಎಂಬತ್ತಾರ ಬರ್ತದಲ್ರಿ,
ಉಳಿದ ಹದಿನಾಕ ಯಾರ ತಿಂದ್ರು?"
ಯಾರೂ ತಿಂದಿಲ್ಲ ಸಾಬ.
ಏಳುತ್ತ ಬೀಳುತ್ತ ಇರುವ ಮೂರು ಅಲೆಗಳ ನಡುವೆ
ಬಾಗಿಲ ತೊಲೆ ಇರುವುದೇ ಅಷ್ಟೆತ್ತರ.
ತಲೆ ಬಗ್ಗಿಸಿದವನಿಗಷ್ಟೇ ದಾರಿ.
ಅವನು ಒಪ್ಪಲಿಲ್ಲ. ಹದಿನಾಲ್ಕು ಅಂದರೆ ಹದಿನಾಲ್ಕು.

ಆರೂ ಇಪ್ಪತ್ತಕ್ಕೆ ಕರೆಂಟು ಹೋಯಿತು.
ಒಂಬತ್ತೂ ಬಾಗಿಲು ಒಮ್ಮೆಲೇ ಮುಚ್ಚಿಕೊಂಡವು,
ಮೋಟರಿನ ಸುರುಳಿಯೊಳಗೆ ಉಳಿದ ಪ್ರವಾಹ
ಎಲ್ಲಿಗೆ ಹೋಗಬೇಕು?
ಅದಕ್ಕೆಂದೇ ಮೂಲೆಯಲ್ಲೊಂದು ಗಡಿಗೆ ಇಟ್ಟಿದ್ದೆವು,
ಹಗೇವಲ್ಲ, ಅಂಗೈಯಷ್ಟು ಕೆಪಾಸಿಟರು,
ಅದರ ಕೊರಳಿಗೊಂದು ಸಣ್ಣ ಬಲ್ಬು.
ಕತ್ತಲಲ್ಲಿ ಅದು ಹಳದಿಯಾಗಿ
ಒಂದೇ ಒಂದು ಸಲ ಕಣ್ಣು ಬಿಟ್ಟು ಮುಚ್ಚಿತು.

ಅಷ್ಟರಲ್ಲಿ ಕಂಡೆ,
ಸುಗಲಾಬಾಯಿ ಆ ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ.
ಬಲಗೈ ಅಡಿಯಲ್ಲಿ,
ಎಡಗೈ ಬೆನ್ನಿಗೆ.